ಕಾಕಾನ ಇಪ್ಪತ್ತೈದು ಬಲ್ಬು

ಉಗುರುಬಣ್ಣದ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ದೀಪಾವಳಿ ಬಂದುಬಿಡುತ್ತದೆ. ಈ ವರ್ಷ ಹಬ್ಬಕ್ಕೆಂದು ರಾಯಬಾಗದಿಂದ ತವರಿಗೆ ಹೊರಟಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿಯೊಬ್ಬಳು, ಬಸ್ಸು ಅಷ್ಟು ಕುಲುಕುತ್ತಿದ್ದರೂ ಲೆಕ್ಕಿಸದೆ, ಪುಟ್ಟ ಬಾಟಲಿ ತೆರೆದು ಕಿರುಬೆರಳಿಗೆ ಕೆಂಪು ಬಳಿಯತೊಡಗಿದಳು. ಕಂಡಕ್ಟರು ಮೂಗು ಮುಚ್ಚಿಕೊಂಡ. ನಾನು ಮೂಗರಳಿಸಿ ಅವಳ ಕಡೆಗೇ ವಾಲಿದೆ. "ಮಾವಶಿ, ನಿಮಗೂ ಹಚ್ಚಲೇನ್ರಿ?" ಎಂದು ಕೇಳಿದಳು ಪಾಪ. "ಬ್ಯಾಡವಾ, ವಾಸನಿ ಅಷ್ಟ ಸಾಕು" ಎಂದೆ. ಐವತ್ತು ದಾಟಿದ ಕನ್ನಡ ಸಾಲೆಯ ಅಕ್ಕೋರು ಉಗುರುಬಣ್ಣದ ವಾಸನೆ ಕುಡಿಯುತ್ತ ಕೂತಿದ್ದನ್ನು ಆ ಹುಡುಗಿ ಮನೆಗೆ ಹೋಗಿ ಹೇಳಿ ನಕ್ಕಿರಬೇಕು. ನಗಲಿ. ಅವಳಿಗೇನು ಗೊತ್ತು, ಆ ಒಂದು ಬಾಟಲಿಯೊಳಗೆ ನಮ್ಮ ಇಡೀ ಮನೆ ಇತ್ತು ಎಂದು.

ಜುಗೂಳದಲ್ಲಿ ನಮ್ಮ ಹಳೆಯ ಮನೆ ಕೃಷ್ಣಾ ಹೊಳೆಗೆ ಎಷ್ಟು ಹತ್ತಿರವಿತ್ತೆಂದರೆ, ಅಡುಗೆಮನೆಯ ಕಿಟಕಿಯಿಂದ ಆಯಿ, ಅಂದರೆ ನನ್ನ ಅಜ್ಜಿ, ನಾವೆಯವನಿಗೆ ಕೂಗಿ "ಇವತ್ತ ಮೀನ ಬಿದ್ದಾವೇನಲೇ?" ಎಂದು ಕೇಳುತ್ತಿದ್ದಳು. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮುಂದೆ ಕಬ್ಬಿನ ಒಣಗರಿಯ ರವದಿ ಹೊದಿಸಿದ ಚಪ್ಪರ. ಆ ಚಪ್ಪರದಡಿ ಹಬ್ಬಕ್ಕೆ ಎಂಟು ದಿನ ಮೊದಲೇ ನನ್ನ ಬಾಪು ಕಾಕಾ ಗೋಣಿಚೀಲ ಹಾಸಿಕೊಂಡು ಕೂಡುತ್ತಿದ್ದ. ಕಾಕಾ ನಮ್ಮಪ್ಪನ ತಮ್ಮ. ಹೊಳೆದಂಡೆಯ ಪಂಪು ನೋಡಿಕೊಂಡು ಕಬ್ಬಿಗೆ ನೀರು ಹಾಯಿಸುವುದು ಅವನ ಕೆಲಸ. ಆ ಪಂಪು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿಯೇ ಕರೆಂಟಿನ ವಿದ್ಯೆ ಕಲಿತವನು. ಆಗ ದೀಪದ ಸರಗಳು ಪೇಟೆಯ ದೊಡ್ಡ ಅಂಗಡಿಗಳಲ್ಲಷ್ಟೇ ಇರುತ್ತಿದ್ದವು. ಕಾಕಾ ಟಾರ್ಚಿನ ಬಲ್ಬುಗಳನ್ನು ಒಂದರ ಬಾಲಕ್ಕೊಂದು ಬೆಸೆದು ತಾನೇ ಸರ ಮಾಡುತ್ತಿದ್ದ. ಬೆಸುಗೆಯ ರಾಳದ ಹೊಗೆ ಎದ್ದರೆ ನಾವು ಮಕ್ಕಳೆಲ್ಲ ಸುತ್ತ ಕುಕ್ಕರಗಾಲಲ್ಲಿ ಕೂತು ಕಣ್ಣು ಉರಿಸಿಕೊಳ್ಳುತ್ತಿದ್ದೆವು.

ಬಲ್ಬಿಗೆ ಬಣ್ಣ ಎಂದರೆ ಉಗುರುಬಣ್ಣ. ಮೀಸೆ ಹೊತ್ತ ಗಂಡಸು ಬಳೆಗಾರರ ಅಂಗಡಿಗೆ ಹೋಗಿ ಅದನ್ನು ಕೇಳುವುದು ಹೇಗೆ? ಅದಕ್ಕೇ ಅಂಕಲಿಯ ಸಂತೆಗೆ ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಹೋಗಿ, ಅಂಗಡಿಯಿಂದ ಇಪ್ಪತ್ತು ಮಾರು ದೂರದಲ್ಲಿ ನಿಂತು, ಬೇರೆ ಯಾವುದೋ ಕೆಲಸಕ್ಕೆ ಬಂದವನಂತೆ ಆಕಾಶ ನೋಡುತ್ತಿದ್ದ. ನಾನು ಕೆಂಪು, ಗುಲಾಬಿ, ಜಾಂಬಳಿ ಅಂದರೆ ನೇರಳೆ, ಮೂರನ್ನೂ ಲಂಗದ ಉಡಿಯಲ್ಲಿ ಕಟ್ಟಿಕೊಂಡು ಓಡಿ ಬರುತ್ತಿದ್ದೆ. ಹಸಿರು ಉಗುರುಬಣ್ಣ ಆಗ ಸಿಗುತ್ತಿರಲಿಲ್ಲ. ಹಸಿರು ಬಲ್ಬಿಗೆ ಪೆಪ್ಪರಮೆಂಟಿನ ಹೊಳೆಯುವ ಹಾಳೆ ಸುತ್ತಬೇಕು, ಹಾಳೆ ಬೇಕೆಂದರೆ ಪೆಪ್ಪರಮೆಂಟು ತಿನ್ನಬೇಕು. "ತಿನ್ರಿ, ತಿನ್ರಿ, ಹಬ್ಬದ ಕೆಲಸ ಐತಿ, ಹಲ್ಲ ಹ್ವಾದ್ರ ಹೋಗಲಿ" ಎಂದು ಕಾಕಾ ಅಪ್ಪಣೆ ಕೊಟ್ಟಾಗಿನ ಸಂಭ್ರಮವನ್ನು ಈಗ ಯಾವ ಮಿಠಾಯಿ ಅಂಗಡಿಯೂ ನನಗೆ ಕೊಡಲಾರದು. ತುಳಸಿ ಮದುವೆಯ ಮರುದಿನ ಸರ ಇಳಿಯಿತೆಂದರೆ ಬಿಸ್ಕಿಟಿನ ತಗಡಿನ ಡಬ್ಬಿ ಸೇರಿ, ಮುಂದಿನ ವರ್ಷದವರೆಗೆ ಮಾಳಿಗೆಯ ತೊಲೆಯ ಮೇಲೆ ಕೂಡುತ್ತಿತ್ತು. ವರ್ಷವಿಡೀ ನಾವು ಅದನ್ನು ಕೆಳಗಿನಿಂದ ನೋಡುತ್ತಿದ್ದೆವು, ಮುಟ್ಟುವಂತಿರಲಿಲ್ಲ.

ನನಗೆ ಹತ್ತು ವರ್ಷವಾದಾಗಿನ ದೀಪಾವಳಿಯೇ ಬೇರೆ. ಕಾಕಾನ ಬೆನ್ನಿಗೆ ಹುಟ್ಟಿದ ತಂಗಿ, ನಮ್ಮ ಸುಂದ್ರಾ ಅತ್ತಿಯನ್ನು, ಹೊಳೆಯ ಆಚೆ ದಂಡೆಯ ಮರಾಠಿ ಸೀಮೆಗೆ ಕೊಟ್ಟಿತ್ತು. ನಮ್ಮ ದಂಡೆಯಲ್ಲಿ ನಿಂತರೆ ಅವಳ ಮನೆಯ ಹುಣಸೆಮರ ಕಾಣುತ್ತಿತ್ತು. ಆದರೆ ಎರಡು ವರ್ಷದಿಂದ ಅವಳು ತವರಿನ ಹೊಸ್ತಿಲು ತುಳಿದಿರಲಿಲ್ಲ. ನನ್ನ ತಮ್ಮನ ತೊಟ್ಟಿಲ ಕಾರ್ಯದಲ್ಲಿ ನಮ್ಮ ಅಜ್ಜ ಬೀಗರಿಗೆ ಸುತ್ತಬೇಕಾದ ರುಮಾಲನ್ನು ಮೊದಲು ಊರ ಹಿರಿಯರೊಬ್ಬರಿಗೆ ಸುತ್ತಿಬಿಟ್ಟಿದ್ದ. ಅತ್ತಿಯ ಮಾವ ಹೋಳಿಗೆಯ ಎಲೆ ಬಿಟ್ಟು ಎದ್ದವನು, ಸೊಸೆಯನ್ನು ಕರೆದುಕೊಂಡು ನಾವೆ ಹತ್ತಿದ. ಅಜ್ಜ ಅದೇ ಕೊರಗಿನಲ್ಲಿ ತೀರಿಹೋದಾಗ ಬಂದರು, ಮಣ್ಣು ಕೊಟ್ಟು ಅಂಗಳದಿಂದಲೇ ಹೋದರು. ಆಮೇಲೆ ತಂಗಿ ಅಣ್ಣನಿಗೆ ಆರತಿ ಬೆಳಗುವ ಭಾವುಬೀಜ ಎರಡು ಸಲ ಬಂದರೂ ಕಾಕಾನಿಗೆ ಬೆಳಗುವವರಿರಲಿಲ್ಲ. ಆ ದಿನ ಅವನು ಹೊಸ ಅಂಗಿ ತೊಟ್ಟು, ಪಂಪಿನ ಮನೆಯಲ್ಲಿ ಒಬ್ಬನೇ ಕೂತಿರುತ್ತಿದ್ದ.

ಮೂರನೆಯ ವರ್ಷ ಅವನು ಹಟ ತೊಟ್ಟ. ಮಾಳಿಗೆಯ ಮೇಲೆ ಎರಡು ಬಿದಿರು ಕಟ್ಟಿ ಅಷ್ಟು ಎತ್ತರದಲ್ಲಿ ಸರ ಏರಿಸುವುದು, ಅದು ಹೊಳೆ ದಾಟಿ ತಂಗಿಯ ಕಣ್ಣಿಗೆ ಬೀಳುವುದು. ನಾವೆಯವನ ಕೈಯಲ್ಲಿ ಹೇಳಿ ಕಳಿಸಿದ: "ಲಕ್ಷ್ಮೀಪೂಜಿ ದಿನ ಸಂಜಿಕೆ ಹಿತ್ತಲಕ ನಿಂತು ಇತ್ತಾಗ ನೋಡಂತ ಹೇಳು. ಬರಾಕ ಬಿಡದಿದ್ರ ಬ್ಯಾಡ, ನೋಡಾಕೇನ ಅಡ್ಡಿ ಐತಿ?" ಆದರೆ ನಮ್ಮೂರ ಕರೆಂಟು ಹೊಳೆ ಹಾರುವಷ್ಟು ಬೆಳಕು ಕೊಡುವಂಥದ್ದಲ್ಲ. ದಂಡೆಯುದ್ದಕ್ಕೂ ಪಂಪುಗಳು ಒಟ್ಟಿಗೇ ಹೀರುತ್ತಿದ್ದರೆ ಮನೆಯ ಬಲ್ಬಿನೊಳಗಿನ ತಂತಿ ಕೆಂಪು ಹುಳದಂತೆ ಕಾಣುತ್ತಿತ್ತು, ಅಷ್ಟೇ. ನಲವತ್ತು ಬಲ್ಬಿನ ಸರ ಮಿಣುಕ್ ಎನ್ನುತ್ತಿತ್ತು. ಬಲ್ಬು ಕಡಿಮೆಯಾದಷ್ಟೂ ಒಂದೊಂದರ ಪಾಲಿಗೆ ಬರುವ ಕರೆಂಟು ಹೆಚ್ಚೆಂದು ಕಾಕಾ ದಿನ ಸಂಜೆ ಹಚ್ಚಿ ನೋಡುವುದು, ಒಂದೆರಡು ಕಿತ್ತು ಮತ್ತೆ ಬೆಸೆಯುವುದು, ಹೀಗೆ ಎಂಟು ದಿನ ಮಾಡಿದ. ಇಪ್ಪತ್ತೈದಕ್ಕೆ ಇಳಿದಾಗ ಸರ ಜೀವ ತಳೆಯಿತು. "ಆತು ನೋಡ! ಇನ್ನ ಸುಂದ್ರಿಗಷ್ಟ ಅಲ್ಲ, ಆಕೀ ಮಾವಗೂ ಕಾಣ್ತೈತಿ!" ಎಂದು ಚಪ್ಪಾಳೆ ತಟ್ಟಿ ಕುಣಿದ.

ಹಬ್ಬದ ದಿನ ಮಧ್ಯಾಹ್ನ ಎಂದಿನಂತೆ ಪಂಪಿನ ಪೂಜೆ. ಲಕ್ಷ್ಮೀಪೂಜೆಯ ದಿನ ನಮ್ಮ ಕಡೆ ಪಂಪಿಗೆ ಮೈ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತಾರೆ. ಆಮೇಲೆ ಅದನ್ನು ಚಾಲೂ ಮಾಡುವಂತಿಲ್ಲ, ವರ್ಷವಿಡೀ ದುಡಿದ ಲಕ್ಷ್ಮಿಗೆ ಅಂದು ಸೂಟಿ. ಕಾಕಾನೂ ಕೈಯಾರೆ ಸೂಟಿ ಕೊಟ್ಟು ಬಂದ. ಸಂಜೆ ಓಣಿಯೆಲ್ಲ ನಮ್ಮ ಅಂಗಳದಲ್ಲಿ ಜಮಾಯಿಸಿತು. ಆಯಿ ಆರತಿ ಹಿಡಿದು "ಹಚ್ಚಪಾ ಬಾಪು" ಎಂದಳು. ಹಚ್ಚಿದ ನೋಡಿ! ಅಂಥ ಬೆಳಕನ್ನು ನಾವು ಕಂಡಿರಲೇ ಇಲ್ಲ. ಕೆಂಪು, ಗುಲಾಬಿ, ಜಾಂಬಳಿ, ಪೆಪ್ಪರಮೆಂಟಿನ ಹಸಿರು! ಮಾಳಿಗೆ, ಬಿದಿರು, ಕೆಳಗೆ ಹೊಳೆಯ ನೀರು ಎಲ್ಲಾ ಬಣ್ಣವಾಗಿ, ನಾನು ಕಿರುಚುತ್ತ ಸುತ್ತು ಹೊಡೆದೆ. ಹಿರಿಯರೂ ಸೀಟಿ ಹೊಡೆದರು. ಅಷ್ಟರಲ್ಲಿ ಟಪ್ ಎಂದು ಸಣ್ಣ ಸದ್ದು. ಇಡೀ ಸರ ಸತ್ತಿತು. ಕಾಕಾ ಸುಟ್ಟ ಬಲ್ಬು ಹುಡುಕಿ ಬದಲಿಸಿದ, ಎರಡು ಕ್ಷಣ ಹತ್ತಿ ಇನ್ನೊಂದು ಟಪ್ ಎಂದಿತು. ಕಿತ್ತವುಗಳಲ್ಲಿ ಒಡೆಯದೆ ಉಳಿದಿದ್ದ ನಾಲ್ಕೂ ಬಲ್ಬು ಹೀಗೇ ಹೋದವು. ಆಮೇಲೆ ಅವನು ಹಣೆ ಹಣೆ ಬಡಿದುಕೊಂಡ. ಎಂಟು ದಿನವೂ ಅವನು ಲೆಕ್ಕ ಹಾಕಿದ್ದು ಪಂಪುಗಳು ಓಡುವಾಗಿನ ಬಡ ಕರೆಂಟಿಗೆ. ಅಂದು ದಂಡೆಯ ಅಷ್ಟೂ ಪಂಪುಗಳು ಹೂಮಾಲೆ ಹಾಕಿಕೊಂಡು ಮಲಗಿದ್ದವು, ಕರೆಂಟು ತುಂಬಿದ ಹೊಳೆಯ ಹಾಗೆ ಬಂದಿತ್ತು.

ಜನ ನಕ್ಕು ಮನೆಗೆ ಹೋದರು. ಕಾಕಾ ಉಣ್ಣಲಿಲ್ಲ. "ಆಕಿ ನೋಡಿದ್ಳೋ ಇಲ್ಲೋ" ಎಂದು ಒಂದೇ ಮಾತನ್ನು ಹತ್ತು ಸಲ ಅಂದ. ಅವಳು ನೋಡಿದ್ದಳು. ಹಿತ್ತಲಲ್ಲಿ ನಿಂತು, ತವರಿನ ಮಾಳಿಗೆಯ ಮೇಲೆ ಬಣ್ಣದ ಬೆಳಕು ಭುಗಿಲೆಂದದ್ದನ್ನೂ, ನಾಲ್ಕು ಸಲ ಒದ್ದಾಡಿ ಆರಿಹೋದದ್ದನ್ನೂ ನೋಡಿದ್ದಳು. ಹಬ್ಬದ ನಡುವೆ ಏರಿಸಿದ ದೀಪ ಇಳಿಸುವುದು ನಮ್ಮಲ್ಲಿ ಒಂದೇ ಕಾರಣಕ್ಕೆ, ಮನೆಯಲ್ಲಿ ಯಾರಾದರೂ ಹೋದರೆ. ಅತ್ತಿ ಲೆಕ್ಕ ಹಾಕಿದಳು: ಮನೆಯಲ್ಲಿ ವಯಸ್ಸಾದವಳೆಂದರೆ ಅವ್ವ.

ಮರುದಿನ ಬೆಳಗ್ಗೆ ಮೊದಲ ನಾವೆಯಿಂದಲೇ ಅಳುವುದು ಕೇಳಿಸಿತು. ಅತ್ತಿ ತಲೆಗೆದರಿ ಬರುತ್ತಿದ್ದಾಳೆ, ಹಿಂದೆ ಅವಳ ಮಾವ ಹೆಗಲ ಮೇಲೆ ಬಿಳಿ ವಸ್ತ್ರ ಹೊತ್ತು ನಡೆಯುತ್ತಿದ್ದಾನೆ. ಸಾವಿನ ಮುಂದೆ ಸಿಟ್ಟಿಲ್ಲವಲ್ಲ. ಅಂಗಳಕ್ಕೆ ಬಂದು ನೋಡಿದರೆ ಆಯಿ ಬಿಸಿಲಿಗೆ ಕಾಲು ಚಾಚಿ ಚಕ್ಕುಲಿ ಕಡಿಯುತ್ತಿದ್ದಾಳೆ! ಬೀಗ ನಿಂತಲ್ಲೇ ನಿಂತ. ಕೈಯ ಬಿಳಿ ವಸ್ತ್ರ ಎಲ್ಲಿ ಮುಚ್ಚಿಡಬೇಕೋ ತಿಳಿಯಲಿಲ್ಲ. ವಿಷಯ ಗೊತ್ತಾದ ಮೇಲೆ ಆಯಿ ಅಂದಳು: "ಸತ್ರಷ್ಟ ಬರ್ತೀರಿ ಅಂತ ಗೊತ್ತಿದ್ರ ಹೋದ ವರ್ಷನ ಸಾಯತಿದ್ನೆಲ್ರಿ ಬೀಗರ! ಬರ್ರಿ, ಕುಂಡ್ರಿ, ಚಕ್ಕಲಿ ತಿನ್ರಿ." ಮೊದಲು ನಕ್ಕವನು ಬೀಗನೇ. ಕಾಕಾ ಒಳಗೆ ಓಡಿ ಟ್ರಂಕಿನಿಂದ ಎರಡು ವರ್ಷದಿಂದ ಕಾಯುತ್ತಿದ್ದ ಕೇಸರಿ ರುಮಾಲು ತಂದು ಅವನ ತಲೆಗೆ ಸುತ್ತಿದ. ಅತ್ತಿ ಭಾವುಬೀಜದವರೆಗೂ ಉಳಿದಳು. ಆರತಿ ಬೆಳಗುತ್ತ ಅಣ್ಣನ ಕಿವಿ ಹಿಂಡಿದಳು: "ಇನ್ನಮ್ಯಾಲೆ ಹಬ್ಬದ ದಿನ ನೀನ ಒಮ್ಮೆ ಆರಿಸಿ ಹಚ್ಚು. ಹತ್ತು ಎಣಿಸ್ತೀನಿ. ಹತ್ತರಾಗ ಹತ್ತಿದ್ರ ಎಲ್ಲಾರೂ ಆರಾಮ ಅದೀರಿ ಅಂತ ತಿಳೀತೀನಿ. ಇಲ್ಲಂದ್ರ ನಾವಿ ಹತ್ತಿ ಬರ್ತೀನಿ."

ಅಂದಿನಿಂದ ಅದು ಎರಡು ದಂಡೆಗಳ ನಡುವಿನ ಪದ್ಧತಿಯಾಯಿತು. ಈಚೆ ಕಾಕಾ ಸರ ಆರಿಸಿ ಹಚ್ಚಿದರೆ, ಆಚೆ ಅತ್ತಿ ಕಂದೀಲಿನ ಮುಂದೆ ಮೊರ ಹಿಡಿದು ಸರಿಸುತ್ತಿದ್ದಳು. ನಾವು ಓಣಿಯ ಮಕ್ಕಳೆಲ್ಲ ಒಟ್ಟಿಗೆ ಎಣಿಸುತ್ತಿದ್ದೆವು, ಏಳಕ್ಕೋ ಎಂಟಕ್ಕೋ ಕಾಕಾ ಗುಂಡಿ ಒತ್ತುತ್ತಿದ್ದ. ಆಯಿ ಹೋದಳು, ಆ ವರ್ಷ ಸರ ಏರಲಿಲ್ಲ. ನಾನು ಮದುವೆಯಾಗಿ ರಾಯಬಾಗಕ್ಕೆ ಹೋದೆ. ಕಾಕಾನೂ ಹೋದ. ಅವನ ಮಗ ಮಹಾದೇವ ಅದೇ ಡಬ್ಬಿಯ ಸರ ಏರಿಸಿ, ಆರಿಸಿ, ಹಚ್ಚುತ್ತಿದ್ದ. ಆಮೇಲೆ ದೊಡ್ಡ ಮಹಾಪೂರ ಬಂತು. ಮೂರು ದಿನ ನೀರಲ್ಲಿ ನಿಂತ ಮನೆ ನಾಲ್ಕನೆಯ ದಿನ ಕುಸಿದು ಕೂತಿತು. ತೊಲೆಯ ಮೇಲಿನ ತಗಡಿನ ಡಬ್ಬಿ ಯಾವ ಊರಿಗೆ ತೇಲಿಹೋಯಿತೋ.

ಈಗ ಮಹಾದೇವ ಎತ್ತರದ ಹೊಲದಲ್ಲಿ ಎರಡು ಅಂತಸ್ತಿನ ಸಿಮೆಂಟಿನ ಮನೆ ಕಟ್ಟಿಸಿದ್ದಾನೆ. ಅದರ ಸಜ್ಜಾದ ಅಂಚಿಗೆ, ಮೆಟ್ಟಿಲಿಗೆ, ಕಾಂಪೌಂಡಿಗೆ ಕಾಯಂ ದೀಪಗಳು. ಏರಿಸುವುದಿಲ್ಲ, ಇಳಿಸುವುದಿಲ್ಲ, ಮಳೆಗೆ ಹೆದರುವುದಿಲ್ಲ. ಸಂಜೆಯಾದರೆ ತಾವೇ ಹತ್ತುತ್ತವೆ. ಮೊಬೈಲಿನಲ್ಲಿ ಬೆರಳಾಡಿಸಿದರೆ ರಾಜ್ಯೋತ್ಸವಕ್ಕೆ ಹಳದಿ ಕೆಂಪು, ಯುಗಾದಿಗೆ ಮಾವಿನ ಹಸಿರು, ಕ್ರಿಕೆಟ್ ಗೆದ್ದರೆ ನೀಲಿ. ನಾನು ಹಳೆಯದನ್ನೇ ಹೊಗಳುವ ಪೈಕಿ ಅಲ್ಲ. ಆ ದೀಪಗಳ ಮೊದಲ ದೀಪಾವಳಿಗೆ ಹೋದಾಗ ಆ ಮೊಬೈಲನ್ನು ಮಹಾದೇವನ ಕೈಯಿಂದ ಕಸಿದುಕೊಂಡು ಸಂಜೆಯಿಡೀ ಬಣ್ಣ ಬದಲಿಸಿದವಳು ನಾನೇ. ಉಗುರುಬಣ್ಣದಲ್ಲಿ ಸಿಗದ ಹಸಿರು ಈಗ ಮೂವತ್ತು ಥರ! ಆ ಸಂಭ್ರಮದಲ್ಲಿ ಏನನ್ನೋ ಮರೆತೆವು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಸುಂದ್ರಾ ಅತ್ತಿ ತೀರಿಕೊಂಡಳು.

ಈ ವರ್ಷ ಬಸ್ಸಿನ ಉಗುರುಬಣ್ಣದ ವಾಸನೆ ನನ್ನ ಜೊತೆಗೇ ಊರಿಗೆ ಬಂತು. ಲಕ್ಷ್ಮೀಪೂಜೆಯ ಸಂಜೆ ಮಹಾದೇವನಿಗೆ "ಕಾಕಾ ಮಾಡತಿದ್ದಂಗ ಒಮ್ಮೆ ಆರಿಸಿ ಹಚ್ಚೋ" ಎಂದೆ. ಅವನ ಹೆಂಡತಿ ಸವಿತಾ ಬಾಗಿಲಲ್ಲೇ ಗೊಣಗಿದಳು, "ಲಕ್ಷ್ಮೀ ಬರೂ ಹೊತ್ತಿನಾಗ ಕತ್ತಲಿ ಮಾಡ್ತಾರೇನ್ರೀ ಅಕ್ಕಾ?" ಮಹಾದೇವ ನಕ್ಕು ಬೆರಳು ಒತ್ತಿದ. ಮನೆ ಕತ್ತಲಾಯಿತು. ಮತ್ತೆ ಒತ್ತಿದ. ಹತ್ತಲಿಲ್ಲ. ಮೊಬೈಲಿನಲ್ಲಿ ಒಂದು ಉಂಗುರ ಗರಗರ ತಿರುಗುತ್ತಿತ್ತು. "ನೆಟ್ ಹೋಗೇತಿ, ತಡಿ" ಎಂದ. ನಾವು ಮೆಟ್ಟಿಲ ಮೇಲಿನ ಮಣ್ಣಿನ ಹಣತೆಗಳ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಆಚೆ ದಂಡೆಯಿಂದ, ಅತ್ತಿಯ ಸೊಸೆ ವೈಶಾಲಿ.

"ಕಾಯ ಝಾಲಂ, ಅಕ್ಕಾ? ಏನಾತ್ರಿ? ಎಲ್ಲಾರೂ ಆರಾಮ ಅದೀರಿಲ್ಲೋ? ನಾ ಇಪ್ಪತ್ತ ಎಣಿಸೀನಿ, ಹತ್ತವಲ್ಲವು!"

"ಆರಾಮ ಅದೀವೆವ್ವಾ. ನೀ ನೋಡಾಕತ್ತಿದ್ದೇನ?"

"ಪ್ರತಿ ವರ್ಷ ಮಾಳಿಗಿ ಮ್ಯಾಲೆ ನಿಂದರ್ತೀನ್ರಿ. ಅತ್ತಿಯವರು ಹೇಳಿ ಹೋಗ್ಯಾರ. ಆದ್ರ ನಿಮ್ಮವು ಆರೂದ ಇಲ್ಲ." ಅವಳೇ ಮುಂದುವರಿಸಿದಳು, "ಅವರೂ ಕಡೀ ದೀಪಾವಳಿಗೆ ನಿಂತಿದ್ರು. ಭಾಳೊತ್ತು ನಿಂತ್ರು, ಕಾಲ ಬಾತಿದ್ವು. ಬಣ್ಣ ಬದಲಾಗತಾವು, ಆರವಲ್ಲವು ಅಂತ ಅನಕೋತ ಇಳದ್ರು."

ಬಣ್ಣ ಬದಲಿಸುತ್ತಿದ್ದವಳು ನಾನು. ಆ ಹೊತ್ತಿಗೆ ದೀಪಗಳು ತಾವಾಗಿಯೇ ಹತ್ತಿಕೊಂಡವು. ಆಚೆ ದಂಡೆಯಲ್ಲಿ ಒಂದು ಬೆಳಕು ಆರಿತು, ಏಳು ಎಣಿಸುವಷ್ಟರಲ್ಲಿ ಹತ್ತಿತು. ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ ಮಹಾದೇವ ಹೊಳೆಯ ಕಡೆಗೆ ಮುಖ ಮಾಡಿ ನಿಂತಿದ್ದ. ಅವನ ದನಿ ಥೇಟ್ ಕಾಕಾನದೇ ಆಗಿತ್ತು.

"ಅಕ್ಕಾ, ಇನ್ನೊಮ್ಮೆ ಆರಸ್ಲ್ಯಾ? ಅತ್ತೀದು ಒಂದು ಬಾಕಿ ಐತಿ."

ಸವಿತಾ ಈ ಸಲ ಬಾಗಿಲು ಬಿಟ್ಟು ನಮ್ಮ ಪಕ್ಕ ಬಂದು ನಿಂತಳು. ಅವನು ಆರಿಸಿದ. ಕತ್ತಲಲ್ಲಿ ನಾವು ಮೂವರೂ ಸಾವಕಾಶವಾಗಿ ಎಣಿಸಿದೆವು, ಪೂರಾ ಹತ್ತರವರೆಗೆ.