ಬಂದವರಿಗೆಂದು ಇಟ್ಟ ಕಪ್ಪು-ಬಸಿ

ಅಮೆರಿಕಕ್ಕೆ ಬಂದ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಮಗ್ಗದ ಸದ್ದು. ಕಣ್ಣು ಮುಚ್ಚಿಕೊಂಡೇ ಕೇಳಿದೆ. ಲಟಪಟ, ಲಟಪಟ, ನಡುವೆ ಒಂದು ಉಸಿರಿನಷ್ಟು ಬಿಡುವು, ಮತ್ತೆ ಲಟಪಟ. ಬೆಟಗೇರಿಯ ನಮ್ಮ ಓಣಿಯಲ್ಲಿ ಹುಟ್ಟಿದಾಗಿನಿಂದ ಕೇಳಿದ ಸದ್ದು. ಅವ್ವ ಇನ್ನೇನು ಚಹಾಕ್ಕೆ ಕೂಗುತ್ತಾಳೆ ಅಂದುಕೊಂಡೆ. ಕಣ್ಣು ತೆರೆದರೆ ಬಿಳಿ ಗೋಡೆ, ಕಿಟಕಿಯಾಚೆ ಕಬ್ಬಿಣದ ಏಣಿ, ಅದರ ಮೆಟ್ಟಿಲುಗಳ ಮೇಲೆ ಹಿಮ. ಸದ್ದು ಮಾತ್ರ ನಿಂತಿರಲಿಲ್ಲ.

"ಕೆಳಗ ಕಸೂತಿ ಫ್ಯಾಕ್ಟರಿ ಐತಿ," ಎಂದರು ನಮ್ಮವರು, ಟೈ ಕಟ್ಟಿಕೊಳ್ಳುತ್ತ. "ಒಂದೆರಡು ವಾರದಾಗ ರೂಢಿ ಆಗತೈತಿ ತಗೋ."

ಇಡೀ ಅಮೆರಿಕದಲ್ಲಿ ನನಗೆ ರೂಢಿಯಿದ್ದದ್ದು ಅದೊಂದೇ ಎಂದು ಅವರಿಗೆ ಹೇಗೆ ಹೇಳಲಿ?

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆ ಏನಾಗುವುದೋ ಎಂದು ಜಗತ್ತೆಲ್ಲ ಹೆದರಿ, ಅದನ್ನು ಸರಿಪಡಿಸಲು ನಮ್ಮ ದೇಶದವರನ್ನು ಕರೆಕರೆದು ಕೂರಿಸಿಕೊಳ್ಳುತ್ತಿದ್ದ ಕಾಲ ಅದು. ನಮ್ಮವರು ದಿನಾ ಬಸ್ಸು ಹತ್ತಿ, ನದಿಯ ಕೆಳಗಿನ ಸುರಂಗ ದಾಟಿ ಮ್ಯಾನ್‌ಹ್ಯಾಟನ್ನಿಗೆ ಹೋಗುತ್ತಿದ್ದರು. ನಾನು ಗದಗಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವಳು. ನನ್ನ ದನಿ ಕೊನೆಯ ಬೆಂಚು ದಾಟಿ ಮೈದಾನದ ತನಕ ಹೋಗುತ್ತಿತ್ತು. ಇಲ್ಲಿ ನನ್ನದು ಡಿಪೆಂಡೆಂಟ್ ವೀಸಾ, ಅಂದರೆ ಗಂಡನ ಆಸರೆಯಲ್ಲಿ ಇರಬಹುದು, ದುಡಿಯುವಂತಿಲ್ಲ. ಪಾಠ ಹೇಳದೆ ಗಂಟಲು ತುಕ್ಕು ಹಿಡಿಯತೊಡಗಿತು.

ಮನೆಯಿದ್ದದ್ದು ನದಿಯ ಈಚೆ ದಡದ ಯೂನಿಯನ್ ಸಿಟಿಯಲ್ಲಿ. ಬೀದಿಯ ಬೋರ್ಡು, ಚರ್ಚಿನ ಪ್ರಾರ್ಥನೆ, ತರಕಾರಿಯವನ ಕೂಗು, ಎಲ್ಲವೂ ಸ್ಪ್ಯಾನಿಷ್. ಶನಿವಾರ ನಮ್ಮ ದೇಶದವರ ಅಂಗಡಿಗಳಿದ್ದ ಐಸೆಲಿನ್ನಿಗೆ ಹೋಗಿ ಅಕ್ಕಿ, ಬೇಳೆ, ಜೋಳದ ಹಿಟ್ಟು ಹೊತ್ತು ತರುತ್ತಿದ್ದೆವು. ಅಲ್ಲಿ ಸಿಕ್ಕ ಮೈಸೂರಿನ ಆಂಟಿಯೊಬ್ಬರು ಮರುಕಪಟ್ಟರು: "ಅಯ್ಯೋ, ಅಲ್ಲಿ ಯಾಕ್ರೀ ಇದೀರಾ? ನಮ್ಮ ಕೆಂಡಲ್ ಪಾರ್ಕ್ ಕಡೆ ಮೂವ್ ಆಗ್ಬಿಡಿ. ಕನ್ನಡದವ್ರು ಸಿಗ್ತಾರೆ." ನಮ್ಮವರು ಜೋರಾಗಿ ತಲೆಯಾಡಿಸಿದರು. ನಾನು ಹುಣಸೆಹಣ್ಣಿನ ಪ್ಯಾಕೆಟ್ಟು ನೋಡುತ್ತ ನಿಂತೆ.

ನಾನು ಯೂನಿಯನ್ ಸಿಟಿ ಬಿಡಲು ಒಪ್ಪದಿದ್ದುದಕ್ಕೆ ಕಾರಣ ಒಂದು ಕಾಫಿ. ನಮ್ಮ ಬೀದಿಯ ಮೂಲೆಯಲ್ಲಿ ರಸ್ತೆಗೇ ತೆರೆದ ಕಿಟಕಿಯ ಕಾಫಿ ಅಂಗಡಿ. ಒಂದು ಬೆಳಿಗ್ಗೆ ಧೈರ್ಯ ಮಾಡಿ ಹೋಗಿ, ಮುಂದಿದ್ದವನು ಕೊಂಡದ್ದಕ್ಕೇ ಬೆರಳು ತೋರಿಸಿದೆ. ಒಂದು ಲೋಟ, ಮುಚ್ಚಳದ ಮೇಲೆ ಒಂದರೊಳಗೊಂದು ಕೂತ ಪುಟ್ಟ ಪ್ಲಾಸ್ಟಿಕ್ ಕಪ್ಪುಗಳು, ಕೂಸಿಗೆ ಔಷಧಿ ಕುಡಿಸುವಷ್ಟು ಸಣ್ಣವು. ಇವೇಕೋ ಎಂದು ಚೀಲಕ್ಕೆ ಹಾಕಿಕೊಂಡು, ಹಿಮದಲ್ಲಿ ನಿಂತು ಲೋಟ ಪೂರ್ತಿ ಕುಡಿದೆ. ಪಾಕದಂಥ ಸಿಹಿ, ಕಷಾಯದಂಥ ಕಹಿ. ಸ್ವಲ್ಪ ಹೊತ್ತಿಗೆ ಎದೆ ಡವಡವ, ಕೈ ನಡುಕ, ಬೀದಿಯೇ ಸಣ್ಣಗೆ ತೇಲಿದಂತೆ. ಬೆಂಚಿನ ಮೇಲೆ ಕುಸಿದೆ.

ಕೆಂಪು ಕೋಟಿನ ವಯಸ್ಸಾದ ಹೆಂಗಸೊಬ್ಬರು ಬಂದು ಪಕ್ಕದಲ್ಲಿ ಕುಳಿತು, ಖಾಲಿ ಲೋಟ ನೋಡಿದರು. ಅವರ ಇಂಗ್ಲಿಷಿಗೆ ಸ್ಪ್ಯಾನಿಷ್ ಲಯ, ನನ್ನದಕ್ಕೆ ಬೆಟಗೇರಿಯದು. ಅದಕ್ಕೇ ಇರಬೇಕು, ನೆನಪಿನಲ್ಲಿ ಅವರು ನಮ್ಮೂರ ಮಾತನ್ನೇ ಆಡುತ್ತಾರೆ. ಹಾಗೇ ಬರೆಯುತ್ತೇನೆ.

"ಯವ್ವಾ, ಅಷ್ಟೂ ನೀ ಒಬ್ಬಾಕಿ ಕುಡದೇನು?"

ಕೊಲಾದಾ ಅಂದರೆ ಹಂಚಿ ಕುಡಿಯುವ ಕಾಫಿ. ಒಬ್ಬರು ಕೊಂಡು, ಸುತ್ತಲಿದ್ದವರಿಗೆಲ್ಲ ಪುಟ್ಟ ಕಪ್ಪುಗಳಲ್ಲಿ ಸುರಿದು ಕೊಡಬೇಕು. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಬೈಟು ಚಹಾ ಕುಡಿದು ಬೆಳೆದವಳಿಗೆ ಇಷ್ಟೂ ಹೊಳೆಯಬಾರದೇ? ನಾನು ನಕ್ಕೆ. ಅವರು ನಗಲಿಲ್ಲ.

"ಒಬ್ಬಾಕಿ ಕುಡಿಯೂ ಕಾಫಿ ಅಲ್ಲ ಇದು. ನಿನಗ ಮಂದಿ ಯಾರೂ ಇಲ್ಲೇನು ಇಲ್ಲೆ?"

ಅಳು ಬಂದುಬಿಟ್ಟಿತು. ಕಾಫಿಯ ನೆವ ಹೇಳಿ ಕಣ್ಣೊರೆಸಿಕೊಂಡೆ.

ಅವರೇ ಎಲ್ವಿರಾ. ಬೀದಿಯೆಲ್ಲ ಅವರನ್ನು ಕರೆಯುತ್ತಿದ್ದದ್ದು ಮಾಯೆಸ್ತ್ರಾ ಎಂದು, ಅಂದರೆ ಟೀಚರಮ್ಮ. ಕ್ಯೂಬಾದಲ್ಲಿ ಸರಕಾರ ಉರುಳಿ ಹೊಸಬರು ಬಂದಾಗ ತಂದೆ-ತಾಯಿಯ ಜೊತೆ ಓಡಿಬಂದ ಹುಡುಗಿ. ಅಕ್ಕ ಕಾರ್ಮೆನ್ ಬರಲಿಲ್ಲ. ಆಕೆಯ ಗಂಡನಿಗೆ ಹೊಸಬರ ಮೇಲೆ ನಂಬಿಕೆಯಿತ್ತು. ಇಂದಲ್ಲ ನಾಳೆ ವಾಪಸು ಹೋಗುವವರೇ ಎಂದು ಮೊದಲ ಚಳಿಗಾಲದಲ್ಲಿ ಇವರ ಮನೆಯಲ್ಲಿ ಯಾರೂ ಕೋಟು ಕೊಳ್ಳಲಿಲ್ಲವಂತೆ. ನಡುಗುತ್ತಲೇ ಕಾದರಂತೆ. ಎಲ್ವಿರಾ ನಮ್ಮ ಮನೆಯ ಕೆಳಗಿನ ಅದೇ ಫ್ಯಾಕ್ಟರಿಯಲ್ಲಿ ಕಸೂತಿ ಯಂತ್ರದ ಮುಂದೆ ನಿಂತು ದುಡಿದು, ಸಂಜೆ ಕಾಲೇಜು ಓದಿ, ಶಾಲೆಯಲ್ಲಿ ಟೀಚರಾದರು. ಮನೆಯ ಹೀಟರು ಕೆಟ್ಟರೆ, ಮಗುವಿಗೆ ಶಾಲೆಯಲ್ಲಿ ಸೀಟು ಸಿಗದಿದ್ದರೆ, ಯಾರಾದರೂ ತೀರಿಕೊಂಡರೆ, ಬೀದಿ ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲನ್ನು. ನಿವೃತ್ತಿಯಾದ ಮೇಲೂ ಚರ್ಚಿನ ನೆಲಮಾಳಿಗೆಯಲ್ಲಿ ಸಂಜೆ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದರು.

ಆ ಕ್ಲಾಸಿಗೆ ನನ್ನನ್ನು ಎಳೆದುಕೊಂಡು ಹೋದರು. ಅಲ್ಲೊಂದು ಪದ್ಧತಿ: ಎಲ್ಲರಿಗಿಂತ ಹೊಸಬರಾದವರು ಕೊಲಾದಾ ತಂದು, ಒಬ್ಬೊಬ್ಬರ ಹೆಸರು ಕೇಳಿ, ಹೆಸರು ಹಿಡಿದು ಕರೆದು ಕಪ್ಪು ಕೊಡಬೇಕು. ಪಾಠ ಆಮೇಲೆ. ಹಾಗೆ ಒಂದೇ ಸಂಜೆಯಲ್ಲಿ ನನಗೆ ಆ ಕೋಣೆಯವರೆಲ್ಲ ಪರಿಚಯವಾದರು. ದಿನ ಕಳೆದಂತೆ ನಾನು ಅವರ ಸಹಾಯಕಿಯಾದೆ. ಸಂಬಳವಿಲ್ಲದ ಕೆಲಸಕ್ಕೆ ವೀಸಾದ ಅಡ್ಡಿಯಿರಲಿಲ್ಲ. ಹೊಸ ಹೊಸಬರು ಬಂದರೂ ಕಾಫಿ ತರುವ ಕೆಲಸವನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಕ್ಲಾಸು ಮುಗಿಸಿ ಹೊರಬಂದರೆ ಬೀದಿಯ ಕೊನೆಗೆ ನದಿ, ಅದರಾಚೆ ಮ್ಯಾನ್‌ಹ್ಯಾಟನ್ನಿನ ದೀಪಗಳು. ಎಲ್ವಿರಾ ಅವುಗಳಿಗೆ ಬೆನ್ನು ಮಾಡಿ ನಿಂತು ತಮ್ಮೂರ ಕಡಲ ವಾಸನೆಯ ಮಾತಾಡುವರು. ನಾನು ಬಣ್ಣ ಹಾಕಿದ ನೂಲನ್ನು ಓಣಿಯುದ್ದಕ್ಕೂ ಒಣಗಲು ಕಟ್ಟುವುದರ ಬಗ್ಗೆ ಹೇಳುವೆ. ಇಬ್ಬರೂ ಇಲ್ಲದ ಊರುಗಳಲ್ಲಿ ಅಡ್ಡಾಡುತ್ತಿದ್ದೆವು.

ಒಂದು ಸಂಜೆ ಕಾಫಿ ಹಂಚಿ ಮುಗಿದ ಮೇಲೆ ಎಲ್ವಿರಾ ಎದ್ದು ನಿಂತರು.

"ಅಕ್ಕನ ಕಣ್ಣು ಹೋಗಾಕತ್ತಾವು. ಪೂರ್ತಿ ಕತ್ತಲಾಗೂದ್ರೊಳಗ ನನ್ನ ಮುಖ ನೋಡಬೇಕಂತಾಳ. ಹೋಗಿ ಬರ್ತೀನಿ."

ಕ್ಯೂಬಾದ ಹಿರಿಯರು ಕಪ್ಪು ಕೆಳಗಿಟ್ಟು ಒಬ್ಬೊಬ್ಬರಾಗಿ ಎದ್ದು ಹೊರಟರು. ಅಕ್ಕನನ್ನು ನೋಡಲು ಹೋಗುವುದರಲ್ಲಿ ತಪ್ಪೇನೆಂದು ನಾನು ಪೆದ್ದಿಯಂತೆ ನೋಡಿದೆ. ಮಾರನೆಯ ದಿನ ಕಾಫಿ ಅಂಗಡಿಯ ಕಿಟಕಿಯಲ್ಲಿ ನಿಲ್ಲುವ ಲಾಸಾರೋ ನನಗೆ ಅರ್ಥ ಮಾಡಿಸಿದ. ಅವನ ತಮ್ಮ ಅಲ್ಲಿನ ಜೈಲಿನಲ್ಲಿ ಸತ್ತಿದ್ದ. ಆ ಸರಕಾರ ಇರುವ ತನಕ ಯಾರೂ ಆ ನೆಲ ತುಳಿಯಬಾರದೆಂದು ಇಲ್ಲಿನ ಕ್ಯೂಬಾದವರೆಲ್ಲ ಆಣೆ ಮಾಡಿದ್ದರು.

"ನಿಮ್ಮ ಮಾಯೆಸ್ತ್ರಾಗ ಹೇಳವಾ," ಎಂದ ನನ್ನ ಮುಖ ನೋಡದೆ. "ಈ ಕಿಟಕಿ ಆಕಿ ಪಾಲಿಗೆ ಮುಚ್ಚೇತಿ."

ಹೇಳುವುದೋ ಬೇಡವೋ ಎಂದು ತಳಮಳಿಸಿ ಕೊನೆಗೆ ಹೇಳಿದೆ. "ಹೋಗಬ್ಯಾಡ್ರಿ, ನಿಮ್ಮ ಮಂದಿಯೆಲ್ಲಾ ಕೈಬಿಡ್ತಾರ್ರಿ," ಎಂದೂ ಅಂದೆ.

ಎಲ್ವಿರಾ ಹಲಗೆ ಒರೆಸಿ ನನ್ನ ಕಡೆ ತಿರುಗಿದರು. "ಆಣೆ ಮಾಡಿಸಿದಾಕಿ ನಾನು. ಹಿಂದೊಬ್ಬಾತ ತಾಯಿ ಸತ್ತಾಳಂತ ಆಕಿ ಮಣ್ಣಿಗೆ ಹೋಗಿ ಬಂದಾಗ ಆತನ ಕೂಡ ಮೊದಲು ಮಾತು ಬಿಟ್ಟಾಕಿನೂ ನಾನು. ಆತ ಸಾಯೂತನಾ ಮಾತಾಡಲಿಲ್ಲ. ಲಾಸಾರೋಂದು ತಪ್ಪಿಲ್ಲವಾ." ಆಮೇಲೆ ಚಾಕ್‌ಪೀಸಿನ ಡಬ್ಬಿ ನನ್ನ ಕೈಗಿಟ್ಟರು. "ಕ್ಲಾಸ್ ನೀ ನೋಡಕೋ."

ಅವರು ಹೋದ ಮೇಲೆ ಆ ನೆಲಮಾಳಿಗೆ ಬಿಕೋ ಎಂದಿತು. ಮುಂದಿನ ಸಾಲಿನ ಕುರ್ಚಿಗಳು ಖಾಲಿ. ಬೇರೆ ದೇಶಗಳಿಂದ ಬಂದವರು ಕೆಲವರು ಉಳಿದಿದ್ದರು. ಆ ಕಿಟಕಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ಹಸಿಶುಂಠಿ ಜಜ್ಜಿ ಚಹಾ ಕುದಿಸಿ ಥರ್ಮಾಸಿನಲ್ಲಿ ಒಯ್ದೆ. ಹೆಸರು ಹಿಡಿದು ಕರೆದು ಪುಟ್ಟ ಕಪ್ಪುಗಳಲ್ಲಿ ಕೊಟ್ಟೆ. ಹಲಗೆಯ ಮುಂದೆ ನಿಂತಾಗ ಮೊದಲು ದನಿಯೇ ಹೊರಡಲಿಲ್ಲ. ಆಮೇಲೆ ಹೊರಟದ್ದು ಮೇಲೆ ಪ್ರಾರ್ಥನೆಗೆ ಕೂತಿದ್ದವರನ್ನೂ ಬೆಚ್ಚಿಬೀಳಿಸಿತು. ಪಾದ್ರಿ ಇಳಿದು ಬಂದು ಬಾಗಿಲು ಹಾಕಿಕೊಂಡು ಹೋದರು. ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲಾರೆ.

ಎಲ್ವಿರಾ ಮರಳಿದಾಗ ಬಿಸಿಲಿಗೆ ಕಂದಿದ್ದರು. ಮೊದಲ ಸಂಜೆ ಕ್ಲಾಸಿಗೆ ಹೋಗುತ್ತ ನನ್ನ ತೋಳು ಹಿಡಿದು ನೇರ ಆ ಕಿಟಕಿಗೇ ನಡೆದರು. ಲಾಸಾರೋ ಯಂತ್ರ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ.

"ನಿಮ್ಮ ಮನಿಗೂ ಹೋಗಿದ್ದೆ," ಎಂದರು ಎಲ್ವಿರಾ. "ಬಾಗಿಲಕ್ಕ ನೀಲಿ ಬಣ್ಣ ಹಚ್ಯಾರ. ನಿಮ್ಮವ್ವನ ತೂಗು ಕುರ್ಚಿ ಕಟ್ಟಿ ಮ್ಯಾಲನ ಐತಿ. ಬ್ಯಾರೆ ಯಾರದೋ ಅಜ್ಜಿ ಕುಂತು ಬೆಳ್ಳುಳ್ಳಿ ಬಿಡಸಾಕತ್ತಿದ್ಲು."

ಒರೆಸುವ ಕೈ ನಿಂತಿತು. "ಗಟ್ಟಿ ಐತೇನು, ಕುರ್ಚಿ?"

"ಕಿರ್ ಅಂತೈತಿ. ಆದರ ಗಟ್ಟಿ ಐತಿ."

ಅವನು ನಮಗೆ ಬೆನ್ನು ಮಾಡಿ ಯಂತ್ರಕ್ಕೆ ಕಾಫಿಪುಡಿ ತುಂಬಿದ. ಆಮೇಲೆ ಕೊಲಾದಾ ತಂದು ಕಟ್ಟೆಯ ಮೇಲಿಟ್ಟ. ಮೇಲಿನ ಪುಟ್ಟ ಕಪ್ಪೊಂದನ್ನು ತಾನೇ ತೆಗೆದು ಎಲ್ವಿರಾರ ಮುಂದೆ ಹಿಡಿದ. ಅವರು ಅದಕ್ಕೆ ಸುರಿದರು. ಮುಂದಿನ ಸಾಲಿನ ಕುರ್ಚಿಗಳು ಆ ಚಳಿಗಾಲದಲ್ಲಿ ಒಂದೊಂದಾಗಿ ತುಂಬಿದವು. ಕೆಲವು ತುಂಬಲೇ ಇಲ್ಲ.

"ಅಕ್ಕ ಏನಂದ್ರು?" ಎಂದು ದಾರಿಯಲ್ಲಿ ಕೇಳಿದೆ.

"ನನ್ನ ಮಾರಿಯೆಲ್ಲಾ ಸವರಿ ನೋಡಿದಳು. ಆಮ್ಯಾಲೆ ಕಾಫಿ ಕೊಟ್ಟಳು. ಅಡಗಿಮನ್ಯಾಗಿನ ಲೋಟದಾಗ ಅಲ್ಲ. ಕಪಾಟದಾಗ ಬಂದವರಿಗೆ ಅಂತ ಇಟ್ಟ ಕಪ್ಪು-ಬಸಿ, ನಮ್ಮವ್ವನ ಕಾಲದ್ದು. ಕಾಣದ ಕಣ್ಣೀಲೆ ತಡವರಿಸಿ ಹುಡುಕಿ ತಗದಿದ್ದಳು. ಹೆಂಗ ಬ್ಯಾಡ ಅನ್ನಲಿ? ನಮ್ಮ ಮನ್ಯಾಗ ಬಂದವರಂಗ ಕುಂತು ಕುಡದೆ."

ಆಗ ಆ ಮಾತು ಕೇಳಿ ಅವರಿಗಾಗಿ ನೊಂದುಕೊಂಡೆ. ನನಗೂ ಅದು ಕಾದಿದೆ ಎಂದು ಹೊಳೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬೆಟಗೇರಿಗೆ ಬಂದೆ. ಅಣ್ಣನ ಮನೆ ತುಂಬ ಮಂದಿ, ಮಕ್ಕಳು, ಗದ್ದಲ. ಅಡುಗೆಮನೆಗೆ ಹೋಗಿ ಅವ್ವನ ಪಕ್ಕ ನೆಲದ ಮೇಲೆ ಕೂರಲು ಹೊರಟರೆ, "ಅಲ್ಲೆ ಸೆಕಿ ಭಾಳವಾ, ಹೊರಗ ಫ್ಯಾನಿನ ಕೆಳಗ ಕುಂಡ್ರು," ಎಂದು ಅಣ್ಣನ ಹೆಂಡತಿ ಕುರ್ಚಿ ಹಾಕಿದಳು. ಸ್ವಲ್ಪ ಹೊತ್ತಿಗೆ ಅವ್ವ ಚಹಾ ತಂದಳು. ನಾನು ಕುಡಿದು ಬೆಳೆದ ನೆಗ್ಗಿದ ಸ್ಟೀಲಿನ ಲೋಟದಲ್ಲಲ್ಲ. ಗಾಜಿನ ಕಪಾಟಿನಲ್ಲಿ ಬೀಗರಿಗೆಂದು ಇಟ್ಟಿದ್ದ, ಗುಲಾಬಿ ಹೂವಿನ ಕಪ್ಪು-ಬಸಿಯಲ್ಲಿ. ಧೂಳು ಒರೆಸಿದ ಸೆರಗು ಇನ್ನೂ ಅವಳ ಕೈಯಲ್ಲಿತ್ತು. ಮುಖದಲ್ಲಿ ಎಂಥ ಹೆಮ್ಮೆ!

ಅರ್ಧ ಚಹಾ ಬಸಿಗೆ ಸುರಿದು ಅವ್ವನ ಕಡೆ ಸರಿಸಿದೆ.

"ನನಗ್ಯಾಕ? ನೀ ಕುಡಿ."

"ಒಬ್ಬಾಕಿ ಕುಡಿಯೂ ಚಹಾ ಅಲ್ಲವಾ ಇದು."

ಅವ್ವ ನನ್ನನ್ನೇ ನೋಡಿದಳು. ಕುರ್ಚಿಯ ಪಕ್ಕ ನೆಲಕ್ಕೆ ಕುಳಿತು, ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಸೊರ್ ಎಂದು ಹೀರಿದಳು. ನಾನೂ ಕುರ್ಚಿ ಬಿಟ್ಟು ಕೆಳಗಿಳಿದು ಅವಳ ಭುಜಕ್ಕೊರಗಿದೆ. ಓಣಿಯಲ್ಲಿ ಮಗ್ಗಗಳು ಶುರುವಾದವು. ಲಟಪಟ, ಲಟಪಟ, ನಡುವೆ ಒಂದು ಉಸಿರಿನಷ್ಟು ಬಿಡುವು. ಕಣ್ಣಿಗೆ ಜೊಂಪು ಹತ್ತುತ್ತಿತ್ತು. ಕೆಳಗೆ ಫ್ಯಾಕ್ಟರಿ ನಡೆಯುತ್ತಿದೆ, ಕ್ಲಾಸಿಗೆ ಹೊತ್ತಾಯಿತು, ಮಾಯೆಸ್ತ್ರಾ ಕಾಯುತ್ತಿರುತ್ತಾರೆ ಅಂದುಕೊಂಡೆ.