ರೀಜಿಸನಿಗೆ ಕೊಡಬೇಕಾದ ಒಂದು ಎಡ

ನಮ್ಮ ಪಿಟ್ಸ್‌ಬರ್ಗಿನ ಚರ್ಚ್ ಮೂಲೆಯಲ್ಲಿ ಎಡಕ್ಕೆ ತಿರುಗುವವರಿಗೆಂದು ಹಸಿರು ಬಾಣದ ದೀಪ ನೇತುಹಾಕಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಯಾರು ಕೇಳಿದ್ದರು ಅದನ್ನು?

ಬಾಣಕ್ಕಿಂತ ಮುಂಚೆ ಅಲ್ಲಿ ರೀಜಿಸ್ ಹುಡಾಕ್ ಇದ್ದ. ರಸ್ತೆಗೆ ಗೆರೆ ಬಳಿಯುವ ಲಾರಿಯ ಡ್ರೈವರ್. ಹುಬ್ಬಿನಲ್ಲೂ ಹಳದಿ ಬಣ್ಣ, ಗೆರೆ ಮಿನುಗಲೆಂದು ಚೆಲ್ಲುವ ಗಾಜಿನ ಪುಡಿ ಕಿವಿಯಲ್ಲೂ. "ನಮ್ಮನೆಯವ್ರು ಕತ್ತಲಲ್ಲೂ ಕಳೆದುಹೋಗಲ್ಲ, ಹೊಳೀತಾರೆ" ಎಂದು ಹೆಂಡತಿ ಡಾಲೊರೆಸ್ ನಗುತ್ತಿದ್ದಳು.

ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ; ಎಡಕ್ಕೆ ತಿರುಗುವವನು ಎದುರಿನ ಗಾಡಿಗಳೆಲ್ಲ ಹೋಗುವವರೆಗೆ ಕಾಯಬೇಕು ಅನ್ನುತ್ತದೆ ಕಾನೂನು. ನಮ್ಮೂರ ರೂಢಿ ಬೇರೆ. ಹಸಿರು ಬಿದ್ದ ಕೂಡಲೇ ಎದುರಿನವನು ಕೊಂಚ ತಡೆದು, ಎಡಕ್ಕೆ ಕಾದಿರುವ ಮೊದಲನೆಯವನಿಗೆ ದಾರಿ ಬಿಡುತ್ತಾನೆ. ಒಬ್ಬನಿಗೆ ಮಾತ್ರ. ಬೆಳಿಗ್ಗೆ ನಾನು ಬೇಕರಿ ವ್ಯಾನಿನಲ್ಲಿ ಎಡಕ್ಕೆ. ಎದುರಿನಿಂದ ರೀಜಿಸ್ ನೇರ. ಸ್ಟೀರಿಂಗ್ ಬಿಡದೆ ಎರಡು ಬೆರಳು ಎತ್ತುತ್ತಿದ್ದ, ನಾನು ನುಗ್ಗುತ್ತಿದ್ದೆ. ಎಷ್ಟು ವರ್ಷ ಹಾಗೆ!

ಈಸ್ಟರಿಗೆ ಮುಂಚಿನ ಲೆಂಟ್ ವ್ರತದಲ್ಲಿ, ಮಾಂಸ ಬಿಡುವ ಶುಕ್ರವಾರಗಳಂದು ಚರ್ಚಿನ ನೆಲಮಾಳಿಗೆಯಲ್ಲಿ ಹುರಿದ ಮೀನು ತಿನ್ನುತ್ತ ಎಲ್ಲರೆದುರೇ ಕೆಣಕುತ್ತಿದ್ದ: "ಲೋ ಗಸ್, ನಂಗೊಂದು ಎಡ ಬಾಕಿ ಇಟ್ಟಿದೀಯ ಕಣೋ."

"ನೀನು ತಿರುಗಿದ್ರೆ ತಾನೇ ಕೊಡೋದು? ಹುಟ್ಟಿದಾಗಿಂದ ನೇರಾನೇ ಹೋಗ್ತೀಯ!"

ಬಾಯಿಗೆ ಹಾಗೆಂದರೂ ಒಳಗೆ ಕೊರೆಯುತ್ತಿತ್ತು. ಒಮ್ಮೆಯಾದರೂ ತೀರಿಸಬೇಕು.

ಬಾಣ ಬರುತ್ತದೆಂದು ಗೊತ್ತಾಯಿತು. ಎಡ ಲೇನಿನ ಗೆರೆ ಬಳಿಯುವ ಕೆಲಸವೂ ರೀಜಿಸನಿಗೇ ಬಿತ್ತು. "ಸೋಮವಾರ ಬಳೀತೀನಿ. ಹಿಂದಿನ ದಿನ ಭಾನುವಾರ ನಾನು ಎಡಕ್ಕೆ ಬರ್ತೀನಿ, ನೀನು ನೇರ ಬಾ. ಚುಕ್ತಾ ಮಾಡು" ಎಂದ.

ಭಾನುವಾರ ಆ ಮೂಲೆಯಲ್ಲಿ ಎದುರುಬದುರು ನಿಂತೆವು. ಹಸಿರು ಬಿತ್ತು. ನಾನು ಎರಡು ಬೆರಳು ಎತ್ತಿದೆ. ಅವನೂ ಎತ್ತಿದ! ಹಾಳು ಅಭ್ಯಾಸ.

"ಹೋಗೋ ಮಾರಾಯ!" ಎಂದು ಕಿರುಚಿದೆ.

"ನೀನು ಹೋಗೋ!" ಎಂದ ಅವನು, ಕಿಟಕಿಯಿಂದ ತಲೆ ಹೊರಹಾಕಿ.

ಹಿಂದೆ ಹಾರ್ನೋ ಹಾರ್ನು. "ಇಬ್ರೂ ಇಲ್ಲೇ ಸಂಸಾರ ಹೂಡ್ತೀರೇನ್ರೀ?" ಎಂದಳು ಒಬ್ಬ ಹೆಂಗಸು. ಕೆಂಪು ಬಿತ್ತು. ಗಲಾಟೆ ನೋಡಿ ಪೊಲೀಸಿನವನು ಬಂದ. ಮತ್ತೆ ಹಸಿರು ಬಿದ್ದಾಗ ರೀಜಿಸನಿಗೆ ಎಡ ಬೇಡ, ನೇರ ಹೋಗೆಂದು ಕೈಮಾಡಿದ. ರೀಜಿಸ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ನನ್ನ ಪಕ್ಕದಲ್ಲೇ ಹಾದುಹೋದ.

ಮರುದಿನ ಅವನ ಕೈಯಿಂದಲೇ ರಸ್ತೆಯ ಮೇಲೆ ಬಿಳಿ ಬಾಣ ಬಿತ್ತು. ಮೇಲೆ ದೀಪ ಹತ್ತಿತು; ಅದು ಹತ್ತಿರುವಷ್ಟು ಹೊತ್ತು ಎದುರಿನವರಿಗೆ ಕೆಂಪು. ಆಮೇಲೆ ಆ ಮೂಲೆಯಲ್ಲಿ ಯಾರೂ ಯಾರ ಮುಖ ನೋಡುವುದಿಲ್ಲ.

ಈಗ ರೀಜಿಸನ ಕಣ್ಣು ಮಂಜಾಗಿದೆ, ಲೈಸೆನ್ಸ್ ಒಪ್ಪಿಸಿದ್ದಾನೆ. ಮೀನೂಟಕ್ಕೆ ನಾನೇ ಕರೆದೊಯ್ಯುತ್ತೇನೆ. ಬಾಣ ಹತ್ತಿದಾಗ ಪಕ್ಕದಲ್ಲಿ ಕೂತ ಅವನ ಮೊಣಕಾಲ ಮೇಲಿಂದ ಎರಡು ಬೆರಳು ತಾವಾಗಿ ಏಳುತ್ತವೆ.

"ಗಸ್, ನನ್ನ ಎಡ?"

"ಗಾಡಿ ತಗೊಂಡು ಎದುರಿಗೆ ಬಾರೋ, ಕೊಡ್ತೀನಿ" ಎಂದು ಗದರಿಸಿ, ಎಡಕ್ಕೆ ತಿರುಗಿಸುತ್ತೇನೆ.