ಗೋಧಿ ಹೂವಿಗೂ ಹತ್ತು ಗಂಟೆಯ ಹಾಜರಿ

ಆಗಷ್ಟೇ ಬೆಳಕು ಹರಿಯುತ್ತಿದೆ. ಹುಮನಾಬಾದ ತಾಲ್ಲೂಕಿನ ಘಾಟಬೋರಾಳದ ಹೊರಗೆ, ಗೋಧಿ ಪ್ರಯೋಗದ ಹೊಲದಲ್ಲಿ ಕೂಲಿ ಹೆಂಗಸು ತುಳಜಾಬಾಯಿ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಸಣ್ಣ ಚಿಮಟ. ಒಂದೊಂದೇ ಹೂ ಬಿಡಿಸಿ, ಒಳಗಿನ ಮೂರು ಪರಾಗದ ಚೀಲ ಕಿತ್ತು, ತೆನೆಗೆ ಕಾಗದದ ಟೋಪಿ ಹಾಕುತ್ತಾರೆ. ತೆನೆಗೆ ಇಪ್ಪತ್ತು ಹೂ. ಬಿಸಿಲೇರುವಷ್ಟರಲ್ಲಿ ಹನ್ನೆರಡು ತೆನೆ ಮುಗಿಯಬೇಕು.

ಉತ್ತರದಿಂದ ತಂದ ಗಿಡ್ಡ ಗೋಧಿ ಇಲ್ಲಿನ ಬಿಸಿಲಿಗೆ ಜೊಳ್ಳಾಗುತ್ತದೆ. ಜವಾರಿ ಗೋಧಿ ಬಿಸಿಲು ತಡೆದರೂ ಇಳುವರಿ ಅಷ್ಟಕ್ಕಷ್ಟೆ. ಗಿಡ್ಡ ಗೋಧಿಯ ಪರಾಗ ತೆಗೆದು ಜವಾರಿಯದನ್ನು ಮುಟ್ಟಿಸಿ, ಎರಡರ ಗುಣವೂ ಇರುವ ತಳಿ ಮಾಡಬೇಕು. ಒಂದು ಚೀಲ ಒಳಗೇ ಒಡೆದರೂ ಹೂ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಬಿತ್ತಿದರೆ ಮತ್ತದೇ ಗಿಡ್ಡ ಗೋಧಿ.

ಇಂಥ ಕೆಲಸಕ್ಕೆ ಹಾಜರಿ ಎಷ್ಟು ಗಂಟೆಗೆ? ಹತ್ತಕ್ಕೆ! ಪ್ರಯೋಗ ನೋಡಿಕೊಳ್ಳುವ ಸಾಹೇಬರು ಕುರ್ಚಿಗೆ ಬರುವುದೇ ಹತ್ತಕ್ಕಲ್ಲವೇ, ಹೂವೂ ಅಲ್ಲಿಯವರೆಗೆ ಕಾಯಬೇಕಂತೆ. ಕಾಯಲಿಲ್ಲ. ಎಪ್ಪತ್ನಾಲ್ಕನೇ ಇಸವಿ, ಎಪ್ಪತ್ತೈದನೇ ಇಸವಿ, ಎರಡು ಹಂಗಾಮು ಮಣ್ಣುಪಾಲಾದವು. ಸಾಹೇಬರು ವರದಿ ಬರೆದು ಕೈ ತೊಳೆದುಕೊಂಡರು: 'ಕೂಲಿ ಹೆಂಗಸು ತುಳಜಾಬಾಯಿಯ ಅಜಾಗರೂಕತೆ.' ಅದನ್ನು ಆಕೆಗೆ ಓದಿ ಹೇಳಿದವನು ಕಾವಲುಗಾರ ಇಸ್ಮಾಯಿಲ.

"ಬಿಸಲ ಏರಿದ ಮ್ಯಾಲ ಚೀಲ ಒಡೀತಾವ್ರಿ, ನಸುಕಿನ್ಯಾಗ ಬರ್ತೇನಂತ ಮೊದಲೇ ಹೇಳಿದ್ದೆ. 'ನಿನಗೇನ್ ತಿಳೀತದ, ಸುಮ್ಮ ಕೂಡು' ಅಂದ್ರು," ಎನ್ನುವಾಗ ಆಕೆಯ ದನಿ ಇವತ್ತಿಗೂ ಏರುತ್ತದೆ. ಏರಬೇಕಾದದ್ದೇ.

ಮರುವರ್ಷ ಆಕೆ ಯಾರನ್ನೂ ಕೇಳಲಿಲ್ಲ. ಇಸ್ಮಾಯಿಲ ನಸುಕಿನಲ್ಲೇ ಗೇಟು ತೆರೆದ. ಹತ್ತರ ತನಕ ಬಿಟ್ಟಿ ದುಡಿತ, ಆಮೇಲೆ ಸಂಜೆ ಐದರವರೆಗೆ ಹಾಜರಿಯ ದುಡಿತ. ಆ ಸಲ ಕಟ್ಟಿದ ಕಾಳಿನ ಸಂತತಿಯಲ್ಲಿ ಕೆಲವು ಗಿಡಗಳು ಕಳೆದ ಫಾಲ್ಗುಣದ ಬಿಸಿಗಾಳಿಯಲ್ಲೂ ತುಂಬಿದ ಕಾಳು ಕೊಟ್ಟಿವೆ. ಆ ಗಿಡಗಳ ಮಡಿಯ ಮುಂದೆ ಈಗ ಹೊಸ ಬೋರ್ಡು, ಅದರ ಮೇಲೆ ಸಾಹೇಬರ ಹೆಸರು. ನಾಚಿಕೆಯಾದರೂ ಬೇಡವೇ? ಹಳೆಯ ವರದಿ ಮಾತ್ರ ಕಪಾಟಿನಲ್ಲಿ ಹಾಗೇ ಇದೆ, ಹಾಜರಿಯೂ ಹತ್ತಕ್ಕೇ ಇದೆ.

ಇಸ್ಮಾಯಿಲ ರೇಗುತ್ತಾನೆ: "ಬೋರ್ಡಿನ ಮ್ಯಾಲ ನನ್ನ ಹೆಸರು ಬರೀರಿ ಅಂತ ಕೇಳಬೇ ಅಕ್ಕಾ!"

ತುಳಜಾಬಾಯಿ ಚಿಮಟವನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಬೋರ್ಡು ಅವರಿಗೇ ಇರ್ಲಿ. ಆ ಕಾಗದದಾಗ ನನ್ನ ಹೆಸರು ಬರದಾರಲ್ಲ, ಅದರ ಮ್ಯಾಲ ಒಂದು ಗೀಟು ಹೊಡೀಲಿ, ಸಾಕು. ನನ್ನ ಕೈ ತಪ್ಪಿರ್ಲಿಲ್ಲ."